ತಾರ್ಲಿ ಮೀನಿನ ಏರಿಳಿತವೂ ಒಳನಾಡಿನ ಒಕ್ಕಲುತನವೂ

ಧಾರವಾಡವು ಸಮುದ್ರವನ್ನು ಕಾಣದ ಜಿಲ್ಲೆ. ಆದರೂ ಕಾರವಾರ, ಅಂಕೋಲೆ, ಕುಮಟೆಗಳ ಕರಾವಳಿಯಿಂದ ಘಟ್ಟವನ್ನೇರಿ ಹುಬ್ಬಳ್ಳಿಯ ಪೇಟೆಗೆ ಮೀನು ಬರುವುದು ಬಹುಕಾಲದ ವಾಡಿಕೆಯಾಗಿರುತ್ತದೆ. ಹಾಗೆ ಬರುವವುಗಳಲ್ಲಿ ತಾರ್ಲಿಯೆಂಬ ಸಣ್ಣ ಮೀನಿನ ಸ್ಥಾನವು ವಿಶೇಷವಾದುದು. ಇದನ್ನು ಕಾರವಾರದ ಕಡೆಯಲ್ಲಿ ತಾರ್ಲಿಯೆಂದೂ, ಕುಂದಾಪುರದ ಕಡೆಯಲ್ಲಿ ಬೈಗೆಯೆಂದೂ, ಮಂಗಳೂರಿನವರು ಬೂತಾಯಿಯೆಂದೂ, ಮಲೆಯಾಳ ದೇಶದವರು ಮತ್ತಿಯೆಂದೂ ಕರೆಯುವರು. ಮೀನನ್ನು ಮುಟ್ಟದ ಮನೆತನಗಳು ಈ ಜಿಲ್ಲೆಯಲ್ಲಿ ಬಹಳವಿದ್ದು, ಅಂಥವರು ಈ ವಿಷಯವು ತಮಗೆ ಸಂಬಂಧಿಸಿದುದಲ್ಲವೆಂದು ತಿಳಿಯಬಹುದು. ಆದರೆ ಮೀನು ಬರಿಯ ಊಟದ ಪದಾರ್ಥವಾಗಿ ಮಾತ್ರ ಘಟ್ಟದ ಮೇಲಕ್ಕೆ ಬರುವುದಿಲ್ಲ. ಅದು ಗೊಬ್ಬರದ ಚೀಲದಲ್ಲಿ ತೋಟಕ್ಕೂ, ಹುಡಿಯ ರೂಪದಲ್ಲಿ ಕೋಳಿಗಳ ಮೇವಿಗೂ ಬರುತ್ತದೆ. ಆದುದರಿಂದ ಮೀನು ತಿನ್ನದ ಜಮೀನುದಾರನೂ ಮೀನಿನ ಗಿರಾಕಿಯಾಗಿರಬಹುದು. ಅವನು ಕೊಳ್ಳುವ ರೀತಿಯ ಮೇಲೆ ಕರಾವಳಿಯ ಬೆಸ್ತರ ಜೀವನವು ಕೆಲಮಟ್ಟಿಗೆ ಅವಲಂಬಿಸಿರುವುದೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೀನಿನ ಪರಿಚಯ.— ಬೆನ್ನು ನೀಲಿ ಹಸುರು, ಹೊಟ್ಟೆ ಬೆಳ್ಳಿಯ ಬಿಳುಪು. ಪೂರ್ಣವಾಗಿ ಬೆಳೆದರೆ ಉದ್ದ ಸುಮಾರು 20 ಸೆಂಟಿಮೀಟರು, ಎಂದರೆ ಒಂದು ಗೇಣಿಗಿಂತ ತುಸು ಕಡಿಮೆ. ಇದರ ಮೈಯಲ್ಲಿ ಎಣ್ಣೆಯ ಅಂಶವು ಹೇರಳವಾಗಿರುವುದರಿಂದ ಇದಕ್ಕೆ ಎಣ್ಣೆ ತಾರ್ಲಿಯೆಂಬ ಹೆಸರೂ ಉಂಟು. ವಾಲನ್ಸಿಯೆನ್ ಎಂಬ ಫ್ರೆಂಚ್ ಪಂಡಿತನು 1847ರಲ್ಲಿ ಇದನ್ನು ವರ್ಣಿಸಿ, ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ಎಂಬ ಶಾಸ್ತ್ರೀಯ ನಾಮವು ರೂಢಿಗೆ ಬರಲು ಕಾರಣನಾದನು. ಇದು ಒಂಟಿಯಾಗಿ ಸಂಚರಿಸುವ ಮೀನಲ್ಲ. ಲಕ್ಷಾಂತರ ಮೀನುಗಳು ಒಂದೇ ಹಿಂಡಾಗಿ ನೀರಿನ ಮೇಲ್ಭಾಗದಲ್ಲಿ ಸಾಗುವುವು. ಈ ಗುಣದಿಂದಲೇ ಇದನ್ನು ಹಿಡಿಯುವುದು ಸುಲಭ. ಇದೇ ಗುಣದಿಂದ ಒಂದೇ ಬಲೆಗೆ ಇಡಿಯ ಹಿಂಡು ಬಲಿಯಾಗುವುದೂ ಸುಲಭ.

ಆಹಾರವೂ ಸಂತಾನವೂ.— ತಾರ್ಲಿಯ ಆಹಾರವು ಮುಖ್ಯವಾಗಿ ಸಮುದ್ರದ ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಸಸ್ಯಗಳು. ಇವುಗಳಿಗೆ ಡಯಾಟಮ್‌ಗಳೆಂದು ಹೆಸರು. ಅವುಗಳಲ್ಲಿಯೂ ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಜಾತಿಯು ಹೇರಳವಾಗಿದ್ದ ವರ್ಷಗಳಲ್ಲಿ ತಾರ್ಲಿಯೂ ಹೇರಳವಾಗಿ ಬಂದುದನ್ನು ಶಾಸ್ತ್ರಜ್ಞರು ಗುರುತಿಸಿರುವರು. ಈ ಸಸ್ಯಗಳು ಸಮುದ್ರದಲ್ಲಿ ಎಲ್ಲ ಕಾಲದಲ್ಲಿಯೂ ಸಮನಾಗಿ ಬೆಳೆಯುವುದಿಲ್ಲ. ನೈಋತ್ಯದ ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಮೇಲ್ನೀರು ಗಾಳಿ ಮತ್ತು ಪ್ರವಾಹಗಳಿಂದ ಸರಿಯಲು, ಅದರ ಸ್ಥಾನಕ್ಕೆ ಆಳದ ತಣ್ಣೀರು ಮೇಲೇಳುವುದು. ಆಳದ ನೀರಿನಲ್ಲಿ ಸಾರವಿರುವುದು. ಭೂಮಿಯನ್ನು ನೇಗಿಲಿನಿಂದ ಮಗುಚಿ ಕೆಳಗಿನ ಮಣ್ಣನ್ನು ಮೇಲಕ್ಕೆ ತಂದಂತೆಯೇ ಇದನ್ನು ಭಾವಿಸಬಹುದು. ಸಾರವೂ ಬಿಸಿಲೂ ಕೂಡಿದಾಗ ಆ ಸೂಕ್ಷ್ಮ ಸಸ್ಯಗಳ ಬೆಳೆಯು ಹುಲುಸಾಗಿ ಬರುವುದು; ಅದನ್ನು ಮೇಯಲು ತಾರ್ಲಿಯ ಹಿಂಡುಗಳು ದಡದ ಹತ್ತಿರಕ್ಕೆ ಬರುವುವು.

ಮರಿಗಳ ಹುಟ್ಟೂ ಇದೇ ಕಾಲವನ್ನು ಅನುಸರಿಸುವುದು. ಒಳನಾಡಿನ ರೈತನು ಮುಂಗಾರಿ ಬಿತ್ತಿಗೆಗಾಗಿ ಕೂರಿಗೆಯನ್ನು ಹೊರಡಿಸುವ ಮೃಗಶಿರೆಯ ದಿನಗಳಿಂದ ಮಘಾ ಮಳೆಯವರೆಗೆ, ಎಂದರೆ ಜೂನ್‌ದಿಂದ ಆಗಸ್ಟ್‌ವರೆಗೆ, ತಾರ್ಲಿಯು ಹೆಚ್ಚಾಗಿ ಮೊಟ್ಟೆಯಿಡುವುದು. ಒಂದೊಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನಿಡುವುದು. ಅವು ನೀರಿನಲ್ಲಿ ತೇಲುತ್ತಿದ್ದು ಸುಮಾರು ಒಂದು ದಿವಸದಲ್ಲಿ ಒಡೆದು ಮರಿಯಾಗುವುವು. ಈ ಮರಿಗಳು ಹಸ್ತಾ, ಚಿತ್ತಾ ಮಳೆಗಳ ಸುಮಾರಿಗೆ 10 ಸೆಂಟಿಮೀಟರು, ಎಂದರೆ ನಾಲ್ಕು ಅಂಗುಲದಷ್ಟಾಗಿ ದಡಕ್ಕೆ ಬರತೊಡಗುವುವು. ಆದರೆ ಅವು ಇನ್ನೂ ಸಂತಾನಕ್ಕೆ ಯೋಗ್ಯವಾಗಿರುವುದಿಲ್ಲ. ಸುಮಾರು 15 ಸೆಂಟಿಮೀಟರು, ಎಂದರೆ ಆರು ಅಂಗುಲದಷ್ಟು ಬೆಳೆದು ಒಂದು ವರ್ಷ ತುಂಬುವ ಹೊತ್ತಿಗೆ ಮಾತ್ರ ಅವು ಮೊಟ್ಟೆಯಿಡಬಲ್ಲವು. ಇದರ ಆಯುಸ್ಸು ಎರಡೂವರೆ ಮೂರು ವರ್ಷಗಳಷ್ಟೇ. ಆದಕಾರಣ ಒಂದು ವರ್ಷದ ಸಂತಾನವು ಕೆಟ್ಟರೆ ಅದರ ಫಲವು ಮರುವರ್ಷದ ಬಲೆಯಲ್ಲಿಯೇ ಗೋಚರವಾಗುವುದು. ಹಳೆಯ ದಾಸ್ತಾನಿನ ಮೇಲೆ ಬಹುಕಾಲ ದಿನಗಳೆಯುವ ಅನುಕೂಲವು ಈ ಮೀನಿಗಿಲ್ಲ.

ಗೊಬ್ಬರದ ಇತಿಹಾಸ.— ಹಿಂದಿನ ಕಾಲದಲ್ಲಿ ತಾರ್ಲಿಯು ವಿಪರೀತವಾಗಿ ಸಿಕ್ಕಿದಾಗ, ತಿಂದು ಉಳಿದುದನ್ನೂ ಉಪ್ಪು ಹಾಕಿ ಉಳಿದುದನ್ನೂ ಸಮುದ್ರದ ಮರಳಿನ ಮೇಲೆ ಹರವಿ ಒಣಗಿಸಿ, ತೆಂಗಿನ ತೋಟಗಳಿಗೆ ಗೊಬ್ಬರವಾಗಿ ಹಾಕುತ್ತಿದ್ದರು. ಸಿಂಹಳದ ತೋಟಗಳಿಗೂ ಇದು ಹಡಗಿನಲ್ಲಿ ಹೋಗುತ್ತಿತ್ತು. ಮದ್ರಾಸ್ ಇಲಾಖೆಯಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೀನುಗಾರಿಕೆಯ ಸುಧಾರಣೆಯನ್ನು ಕೈಕೊಂಡು, ಮೀನನ್ನು ಬೇಯಿಸಿ ಹಿಂಡಿ ಎಣ್ಣೆಯನ್ನು ಬೇರ್ಪಡಿಸುವ ಮತ್ತು ಉಳಿದ ಹಿಂಡಿಯನ್ನು ಗೊಬ್ಬರವಾಗಿ ಮಾರುವ ಸರಳ ಪದ್ಧತಿಯನ್ನು ಬೆಸ್ತರಿಗೆ ಕಲಿಸಿದನು. ಕೊಳೆತು ಹೋಗುತ್ತಿದ್ದ ಮೀನಿಗೆ ಬೆಲೆ ಬಂದಿತೆಂಬುದೇನೋ ನಿಜ; ಆದರೆ ಗೊಬ್ಬರಕ್ಕಾಗಿ ಮೀನು ಹಿಡಿಯುವ ಆಸೆಗೂ ಅದರಿಂದ ಇಂಬು ದೊರೆಯಿತು.

1940ರ ದಶಕದಲ್ಲಿ ತಾರ್ಲಿಯು ಪಶ್ಚಿಮ ಕರಾವಳಿಯಿಂದ ಬಹುಮಟ್ಟಿಗೆ ಮರೆಯಾಯಿತು. ದಡದಲ್ಲಿ ರಾಶಿ ಬೀಳುತ್ತಿದ್ದ ಮೀನು ಊಟಕ್ಕೂ ಸಾಲದಾಯಿತು. ಮದ್ರಾಸ್ ಸರಕಾರದವರು 1943ರಲ್ಲಿ ಮರಿಗಳನ್ನೂ ಮೊಟ್ಟೆಯಿಡುವ ಮೀನುಗಳನ್ನೂ ಹಿಡಿಯುವುದರ ಮೇಲೆ ನಿರ್ಬಂಧವನ್ನು ವಿಧಿಸಿದರು. ಮುಂದೆ 1950ರ ದಶಕದಲ್ಲಿ ಮೀನು ತಿರುಗಿ ಬಂದಿತು. 1947ರಲ್ಲಿ ಸ್ಥಾಪಿತವಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಅಂದಿನಿಂದ ಈ ಮೀನಿನ ಏರಿಳಿತವನ್ನು ವಿಚಾರಿಸುತ್ತ ಬಂದಿದೆ.

ಬಲೆಗಳ ಬದಲಾವಣೆ.— ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡದ ತೀರದಲ್ಲಿ 1970ರ ದಶಕದವರೆಗೆ ರಂಪಣಿ ಬಲೆಯೇ ಪ್ರಧಾನವಾಗಿತ್ತು. ಇದು ದೋಣಿಯಿಂದ ಹಿಂಡನ್ನು ಬಳಸಿ, ದಡದಿಂದ ಹತ್ತಾರು ಜನರು ಕೂಡಿ ಎಳೆಯುವ ದೊಡ್ಡ ಬಲೆ. ಮೀನು ದಡಕ್ಕೆ ಬಂದರೆ ಮಾತ್ರ ಇದು ಕೆಲಸಕ್ಕೆ ಬರುವುದು. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು ಸಲ್ಲುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಎಂಬ ಬಲೆಯೂ ಬಂದುವು. ಇದು ಸಮುದ್ರದೊಳಗೇ ಹೋಗಿ ಹಿಂಡನ್ನು ಸುತ್ತುವರಿದು, ಚೀಲದ ಬಾಯಿಗೆ ದಾರವೆಳೆದಂತೆ ಬಲೆಯ ತಳವನ್ನು ಬಿಗಿದು ಮೇಲೆತ್ತುವ ಸಾಧನ. ಕೆಲವೇ ವರ್ಷಗಳಲ್ಲಿ ರಂಪಣಿಯು ಹಿಂದೆ ಬಿದ್ದು, ಅದನ್ನೇ ನಂಬಿದ ಕುಟುಂಬಗಳು ಕಷ್ಟಕ್ಕೀಡಾದುವು. ಇದರ ಜೊತೆಗೆ ತೀರದುದ್ದಕ್ಕೂ ಮೀನುಹುಡಿ ಮತ್ತು ಮೀನೆಣ್ಣೆಯ ಕಾರಖಾನೆಗಳು ಸ್ಥಾಪಿತವಾದುವು. ಅವು ಮನುಷ್ಯರ ಊಟಕ್ಕೆ ಬಾರದ ಸಣ್ಣ ಮರಿಗಳನ್ನೂ ಕೊಳ್ಳುವುವಾದ್ದರಿಂದ, ಪೇಟೆಯಲ್ಲಿ ಬೆಲೆಯಿಲ್ಲದ ಮರಿಗೆ ಕಾರಖಾನೆಯ ಬಾಗಿಲಲ್ಲಿ ಬೆಲೆಯುಂಟಾಯಿತು.

ಇತ್ತೀಚಿನ ಸ್ಥಿತಿ.— ಈ ಮೀನಿನ ಏರಿಳಿತವು ಕೇರಳದ ಅಂಕಿಗಳಿಂದ ಸ್ಪಷ್ಟವಾಗುವುದು. ಅಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನು ತಾರ್ಲಿಯು ದಡಕ್ಕೆ ಬಂದಿತ್ತು. 2021ರಲ್ಲಿ ಬಂದುದು 3,297 ಟನ್ನು ಮಾತ್ರ. ಎಂದರೆ ನೂರಕ್ಕೆ ಒಂದರಷ್ಟೂ ಇಲ್ಲ. ಅನಂತರ ಮೀನು ಪುನಃ ಚೇತರಿಸಿಕೊಂಡಿತು. ಆದರೆ ನಡುವಿನ ವರ್ಷಗಳಲ್ಲಿ ಸಾಲ ಮಾಡಿ ದೋಣಿ ಬಲೆಗಳನ್ನು ಕೊಂಡವರು ಬಡ್ಡಿಯನ್ನು ತಪ್ಪಿಸಿಕೊಳ್ಳಲಿಲ್ಲ. ಮಳೆ ಬಾರದ ವರ್ಷದಲ್ಲಿ ಎರೆ ಭೂಮಿಯ ರೈತನಿಗೆ ಆಗುವ ಗತಿಯೇ ಅವರಿಗೂ ಆಯಿತು.

ಇಂಥ ಕುಸಿತಕ್ಕೆ ಒಂದೇ ಕಾರಣವನ್ನು ಹೇಳುವುದು ಸರಿಯಲ್ಲ. ಸಮುದ್ರದ ಉಷ್ಣವು ಏರಿದರೂ, ತಣ್ಣೀರಿನ ಏಳುವಿಕೆಯು ಹಿಂದುಮುಂದಾದರೂ ಮರಿಗಳಿಗೆ ಆಹಾರವು ದೊರೆಯದು. 2015–16ರಲ್ಲಿ ಎಲ್ ನಿನೋ ಎಂಬ ಸಮುದ್ರದ ಉಷ್ಣಸ್ಥಿತಿಯು ಪ್ರಬಲವಾಗಿತ್ತು. ಅದಕ್ಕಿಂತ ಮೊದಲಿನ ಸಮೃದ್ಧಿಯ ವರ್ಷಗಳಲ್ಲಿ ಮಿತಿಮೀರಿ ಮೀನು ಹಿಡಿದುದೂ ಮರಿಗಳನ್ನು ಎತ್ತಿದುದೂ ಅದರೊಡನೆ ಕೂಡಿದುವು. ಕಾಲಧರ್ಮವು ಮನುಷ್ಯನ ಕೈಯಲ್ಲಿಲ್ಲ. ಆದರೆ ಬರಗಾಲವು ಬಂದಾಗ ಹಗೇವಿನಲ್ಲಿ ಬೀಜದ ಕಾಳು ಇದೆಯೋ ಇಲ್ಲವೋ ಎಂಬುದು ಮನುಷ್ಯನ ಕೈಯಲ್ಲಿಯೇ ಇರುವುದು. ತಾರ್ಲಿಯ ಮರಿಯೇ ಸಮುದ್ರದ ಬೀಜದ ಕಾಳು.

ಪಟ್ಟಿಯಲ್ಲಿ ಇದರ ಸ್ಥಾನ.— ಪ್ರಪಂಚದ ಜೀವಜಾತಿಗಳ ಅಳಿವು ಉಳಿವುಗಳನ್ನು ಪರಿಶೀಲಿಸಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಕೆಂಪು ಪಟ್ಟಿಯೆಂಬುದನ್ನು ಪ್ರಕಟಿಸುವುದು. ಅದರಲ್ಲಿ ತಾರ್ಲಿಯು ಅತ್ಯಲ್ಪ ಚಿಂತೆಯ ವರ್ಗದಲ್ಲಿದೆ. ಎಂದರೆ ಜಾತಿಯೇ ನಿರ್ನಾಮವಾಗುವ ಭಯವು ಸದ್ಯಕ್ಕೆ ಇಲ್ಲ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಇದಕ್ಕಿಲ್ಲ. ಅದೇ ಸಮುದ್ರದ ತಿಮಿಂಗಿಲ ಸೊರಕ್ಕೆ ಆ ರಕ್ಷಣೆಯು 2001ರಲ್ಲಿ ದೊರೆಯಿತು. ಇದರಿಂದ ತಾರ್ಲಿಗೆ ಯಾವ ಅಪಾಯವೂ ಇಲ್ಲವೆಂದು ತಿಳಿಯತಕ್ಕದ್ದಲ್ಲ. ಜಾತಿಯು ಉಳಿಯುವುದು ಬೇರೆ, ಕಸಬು ಉಳಿಯುವುದು ಬೇರೆ. ಒಂದು ಊರಿನ ಬಿಳಿಜೋಳದ ಬೆಳೆಯು ಮೂರು ವರ್ಷ ಹಾಳಾದರೂ ಜೋಳವೆಂಬ ಪೈರು ಲೋಕದಿಂದ ಮಾಯವಾಗುವುದಿಲ್ಲ. ಆದರೆ ಆ ಊರು ಹಾಳು ಬೀಳಬಹುದು. ಪಟ್ಟಿಯು ಜೋಳದ ಕ್ಷೇಮವನ್ನು ಹೇಳುವುದೇ ಹೊರತು ಊರಿನ ಕ್ಷೇಮವನ್ನಲ್ಲ.

ಪರದೇಶದ ದೃಷ್ಟಾಂತ.— ದಕ್ಷಿಣ ಅಮೇರಿಕೆಯ ಪೆರು ದೇಶದಲ್ಲಿ ತಾರ್ಲಿಯ ಬಳಗಕ್ಕೆ ಹತ್ತಿರದ ಆಂಚೊವೆಟಾ ಎಂಬ ಸಣ್ಣ ಮೀನುಂಟು. ಅದನ್ನು ಮುಖ್ಯವಾಗಿ ಮೀನುಹುಡಿಗಾಗಿಯೇ ಹಿಡಿಯುತ್ತಿದ್ದರು. 1970ರ ಸುಮಾರಿಗೆ ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮಿಕ್ಕಿ ದೊರೆಯುತ್ತಿದ್ದ ಆ ಮೀನು, 1972ರ ಎಲ್ ನಿನೋದ ತರುವಾಯ 1973ರಲ್ಲಿ 20 ಲಕ್ಷ ಟನ್ನಿಗಿಂತ ಕೆಳಕ್ಕೆ ಇಳಿಯಿತು. ಕಾರಖಾನೆಗಳು ಮುಚ್ಚಿದುವು, ಮೇವಿನ ಬೆಲೆಯು ಲೋಕದಲ್ಲೆಲ್ಲ ಏರಿತು. ಮೀನುಹುಡಿಗೆ ಬದಲಾಗಿ ಜನರು ಸೋಯಾ ಅವರೆಯ ಹಿಂಡಿಗೆ ಮುಗಿಬಿದ್ದರು. ಸೋಯಾ ಅವರೆಯು ಈಗ ಧಾರವಾಡ ಜಿಲ್ಲೆಯ ಮುಂಗಾರಿ ಬೆಳೆಗಳಲ್ಲಿ ಒಂದಾಗಿರುವುದರಿಂದ, ಈ ದೃಷ್ಟಾಂತದಲ್ಲಿ ಇಲ್ಲಿನ ರೈತರಿಗೆ ಎರಡು ಪಾಠಗಳಿವೆ. ಮರಿಮೀನಿನ ಹುಡಿಯನ್ನು ನೆಚ್ಚಿದ ಕಸಬು ಸ್ಥಿರವಲ್ಲ; ಅದರ ಬದಲಿಗೆ ಬೇಕಾದ ಪದಾರ್ಥವು ನಮ್ಮ ಹೊಲದಲ್ಲಿಯೇ ಬೆಳೆಯುವುದು.

ಮರಿ ಹಿಡಿಯುವುದರ ನಷ್ಟ.— ಮೀನಿನ ಉದ್ದವು ಒಂದೂವರೆ ಪಟ್ಟಾದರೆ ಅದರ ತೂಕವು ಮೂರು ಪಟ್ಟಿಗೂ ಮೀರುವುದು. ನಾಲ್ಕು ಅಂಗುಲದ ಒಂದು ಟನ್ನು ಮರಿಗಳನ್ನು ಬಿಟ್ಟು, ಅವು ಆರು ಅಂಗುಲವಾಗುವಷ್ಟರಲ್ಲಿ ಅರ್ಧದಷ್ಟು ಸತ್ತುಹೋದುವೆಂದೇ ಎಣಿಸಿದರೂ, ಉಳಿದವುಗಳ ತೂಕವು ಒಂದೂವರೆ ಟನ್ನನ್ನು ಮೀರುವುದು. ಅಷ್ಟೂ ಊಟಕ್ಕೆ ಬರುವ ಮೀನು. ಅದರ ಬೆಲೆಯು ಗೊಬ್ಬರದ ಬೆಲೆಯಲ್ಲ. ಮೇಲಾಗಿ ಅವುಗಳಲ್ಲಿ ಕೆಲವಾದರೂ ಮೊಟ್ಟೆಯಿಟ್ಟು ಮುಂದಿನ ವರ್ಷದ ಬೆಳೆಯನ್ನು ಬಿತ್ತಿರುವುವು. ಮೀನುಹುಡಿಯ ಲೆಕ್ಕವು ಇನ್ನೂ ಕಠಿಣ: ಒಂದು ಟನ್ನು ಹುಡಿಗೆ ನಾಲ್ಕೈದು ಟನ್ನು ಹಸಿ ಮೀನು ಬೇಕು.

ಕಾಯಿದೆಗಳು.— ಕರ್ನಾಟಕದಲ್ಲಿ ಸಮುದ್ರ ಮೀನುಗಾರಿಕೆಯನ್ನು 1986ರ ಕಾಯಿದೆಯು ನಿಯಂತ್ರಿಸುವುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿವಸ ಯಂತ್ರದ ದೋಣಿಗಳು ಮೀನು ಹಿಡಿಯತಕ್ಕದ್ದಲ್ಲ. ಅದು ಮೊಟ್ಟೆಯ ಕಾಲವೆಂಬುದನ್ನು ಮೇಲೆ ಹೇಳಿದೆ. ರಾತ್ರಿಯಲ್ಲಿ ಪ್ರಖರವಾದ ಎಲ್‌ಇಡಿ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವುದನ್ನೂ, ಎರಡು ದೋಣಿಗಳು ಕೂಡಿ ಒಂದೇ ಬಲೆಯನ್ನೆಳೆಯುವುದನ್ನೂ ಕೇಂದ್ರ ಸರಕಾರವು 2017ರಲ್ಲಿ ನಿಷೇಧಿಸಿತು. ಕೇರಳ ಸರಕಾರವು 2015ರಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕದಾದ ತಾರ್ಲಿಯನ್ನು ಹಿಡಿಯಕೂಡದೆಂದು ಆಜ್ಞೆ ಮಾಡಿತು. ಆದರೆ ಕತ್ತಲೆಯ ಸಮುದ್ರದಲ್ಲಿ ಪ್ರತಿಯೊಂದು ಬಲೆಯ ಹತ್ತಿರವೂ ಸರಕಾರದ ಕಾವಲುಗಾರನು ನಿಲ್ಲಲಾರನು. ಕೊಳ್ಳುವವನಿಲ್ಲದ ಮರಿಯನ್ನು ಹಿಡಿಯುವವನೂ ಇರುವುದಿಲ್ಲ. ಆದುದರಿಂದ ಕಾಯಿದೆಯ ಅರ್ಧ ಕೆಲಸವು ಗಿರಾಕಿಯಿಂದಲೇ ಆಗಬೇಕಾಗಿದೆ.

ಮೀನುಗೊಬ್ಬರದ ಗುಣದೋಷಗಳು.— ಮೀನುಗೊಬ್ಬರವು ಸಾರವುಳ್ಳದ್ದೆಂಬುದರಲ್ಲಿ ಸಂಶಯವಿಲ್ಲ. ಕೆಳಗೆ ನೂರು ಭಾಗಕ್ಕೆ ಇರುವ ಸಾರಾಂಶಗಳನ್ನು ಸ್ಥೂಲವಾಗಿ ಕೊಡಲಾಗಿದೆ.

ಮೀನುಗೊಬ್ಬರ: ಸಾರಜನಕ 4ರಿಂದ 10, ರಂಜಕಾಮ್ಲ 3ರಿಂದ 9, ಪೊಟ್ಯಾಶ್ 0.3ರಿಂದ 1.5.
ಶೇಂಗಾ ಹಿಂಡಿ: ಸಾರಜನಕ 7, ರಂಜಕಾಮ್ಲ 1.5, ಪೊಟ್ಯಾಶ್ 1.3.
ಬೇವಿನ ಹಿಂಡಿ: ಸಾರಜನಕ 5, ರಂಜಕಾಮ್ಲ 1, ಪೊಟ್ಯಾಶ್ 1.4.
ಹೊಂಗೆಯ ಹಿಂಡಿ: ಸಾರಜನಕ 4, ರಂಜಕಾಮ್ಲ 1, ಪೊಟ್ಯಾಶ್ 1.
ತಿಪ್ಪೆಗೊಬ್ಬರ: ಸಾರಜನಕ 0.5, ರಂಜಕಾಮ್ಲ 0.25, ಪೊಟ್ಯಾಶ್ 0.5.

ಮೀನುಗೊಬ್ಬರದ ಸಾರವು ನಾಲ್ಕೂ ಆಗಬಹುದು, ಹತ್ತೂ ಆಗಬಹುದು ಎಂಬುದನ್ನು ಗಮನಿಸಬೇಕು. ಮರಳಿನ ಮೇಲೆ ಒಣಗಿಸಿದ ಮೀನಿನಲ್ಲಿ ಮರಳು ಸೇರಿರುವುದು. ಕೊಂಡವನು ಮರಳಿಗೂ ಹಣ ತೆರುವನು. ಉಪ್ಪು ಹಾಕಿದ ಮೀನು ಕೆಟ್ಟು ಗೊಬ್ಬರವಾಗಿದ್ದರೆ ಉಪ್ಪಿನ ಅಂಶವೂ ಹೊಲಕ್ಕೆ ಬರುವುದು. ಮಳೆ ವಿಪುಲವಾಗಿರುವ ಕರಾವಳಿಯಲ್ಲಿ ಉಪ್ಪು ತೊಳೆದುಹೋಗುವುದು. ಆದರೆ ನವಲಗುಂದ, ಹುಬ್ಬಳ್ಳಿಯ ಪೂರ್ವಭಾಗ ಮೊದಲಾದ ಕಡೆಗಳ ಎರೆ ಭೂಮಿಯಲ್ಲಿ ನೀರು ಕೆಳಕ್ಕೆ ಇಳಿಯುವುದು ನಿಧಾನ, ಮಳೆಯೂ ಕಡಿಮೆ. ಅಲ್ಲಿ ಉಪ್ಪು ನಿಂತು ಸವಳು ಹೆಚ್ಚುವ ಸಂಭವವುಂಟು. ಹೀಗಿರುವಾಗ ಸಾರಜನಕಕ್ಕಾಗಿ ದೂರದ ಮೀನನ್ನು ತರಿಸುವುದಕ್ಕಿಂತ, ಊರಿನ ಗಾಣದಿಂದಲೋ ಹತ್ತಿರದ ಪೇಟೆಯಿಂದಲೋ ದೊರೆಯುವ ಹಿಂಡಿಯನ್ನು ತಿಪ್ಪೆಗೊಬ್ಬರದೊಡನೆ ಹಾಕುವುದೂ, ಸೆಣಬನ್ನು ಬಿತ್ತಿ ಹಸುರುಗೊಬ್ಬರವಾಗಿ ಮಗುಚುವುದೂ ಹೆಚ್ಚು ಲಾಭಕರ.

ಗ್ರಾಮದ ಪ್ರಮುಖರು ಮಾಡತಕ್ಕದ್ದು.— ಮೀನುಗೊಬ್ಬರವನ್ನು ಎಲ್ಲರೂ ಬಿಡಬೇಕೆಂದು ಇದರ ಅರ್ಥವಲ್ಲ. ಮೀನನ್ನು ಹಸನು ಮಾಡಿದಾಗ ಉಳಿಯುವ ತಲೆ, ಕರುಳು, ಮುಳ್ಳುಗಳಿಂದ ಮಾಡಿದ ಗೊಬ್ಬರವು ಯಾವ ಮರಿಯನ್ನೂ ಕೊಲ್ಲುವುದಿಲ್ಲ. ಅದನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ಚೀಲವನ್ನು ಬಿಚ್ಚಿ ನೋಡಿದಾಗ ಬೆರಳುದ್ದದ ಇಡಿಯ ಮೀನುಗಳೇ ಕಂಡರೆ, ಅದು ಮರಿಗಳಿಂದಲೇ ಆದ ಗೊಬ್ಬರವೆಂದು ತಿಳಿದು ತಿರುಗಿ ಕಳಿಸತಕ್ಕದ್ದು. ಹುಡಿಯಾಗಿದ್ದರೆ ಅದು ಯಾವುದರಿಂದ ಆದುದೆಂದು ಮಾರುವವನಿಂದ ಬರಹದಲ್ಲಿ ಪಡೆಯುವುದು ಉತ್ತಮ. ಒಬ್ಬೊಬ್ಬರೇ ಕೇಳಿದರೆ ವ್ಯಾಪಾರಿಯು ಅಲಕ್ಷಿಸಬಹುದು; ಊರಿನ ಸಹಕಾರಿ ಸಂಘದ ಮುಖಾಂತರ ಒಟ್ಟಾಗಿ ಕೊಂಡರೆ ಅಲಕ್ಷಿಸಲಾರನು.

ಕೋಳಿ ಸಾಕುವವರು ಮೇವಿನಲ್ಲಿ ಮೀನುಹುಡಿಯ ಪ್ರಮಾಣವನ್ನು ತಗ್ಗಿಸಿ ಸೋಯಾ ಮತ್ತು ಶೇಂಗಾ ಹಿಂಡಿಗಳನ್ನು ಹೆಚ್ಚಿಸುವ ವಿಷಯದಲ್ಲಿ ಪಶುವೈದ್ಯರ ಸಲಹೆಯನ್ನು ಪಡೆಯಬೇಕು. ಮೀನು ಉಣ್ಣುವವರು ಸಂತೆಯಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ತಾರ್ಲಿಯನ್ನು ಕೊಳ್ಳದಿರುವುದು ಲೇಸು. ಊರಿನ ಕೆರೆಯಲ್ಲಿ ಮಳೆಗಾಲದ ನೀರು ತುಂಬಿದಾಗ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಬೆಳೆಸಿದರೆ, ಸಮುದ್ರದ ಮೀನು ದುರ್ಲಭವಾದ ವರ್ಷದಲ್ಲಿಯೂ ಊರಿಗೆ ಮೀನು ದೊರೆಯುವುದು; ಕೆರೆಯ ಉತ್ಪನ್ನವೂ ಹೆಚ್ಚುವುದು.

ಇನ್ನೊಂದು ಸಂಬಂಧವನ್ನೂ ಮರೆಯತಕ್ಕದ್ದಲ್ಲ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಸೇರಿ, ಕಲಘಟಗಿ ಯಲ್ಲಾಪುರಗಳ ಸೀಮೆಯನ್ನು ಹಾದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆ ಗೋಕರ್ಣಗಳ ನಡುವೆ ಸಮುದ್ರವನ್ನು ಸೇರುವುದು. ಜಿಲ್ಲೆಯ ಪೂರ್ವಭಾಗದ ಹಳ್ಳಗಳು ಮಲಪ್ರಭೆಯ ಮೂಲಕ ಬಂಗಾಳ ಉಪಸಾಗರದ ಕಡೆಗೆ ಹೋದರೂ, ಪಶ್ಚಿಮಭಾಗದ ನೀರು ತಾರ್ಲಿಯ ತೀರಕ್ಕೇ ಹೋಗುವುದು. ತಾರ್ಲಿಯ ಮುಖ್ಯ ಆಹಾರವು ಆಳದ ತಣ್ಣೀರಿನಿಂದ ಆಗುವುದೇ ಹೊರತು ನದಿಯಿಂದಲ್ಲ. ಆದರೂ ಕೊಚ್ಚಿಹೋದ ಮಣ್ಣೂ ಪೈರಿಗೆ ಸಿಂಪಡಿಸಿದ ಔಷಧಗಳೂ ಅಳಿವೆಯ ನೀರನ್ನು ಕೆಡಿಸಿ, ಅಲ್ಲಿ ಬೆಳೆಯುವ ಬೇರೆ ಮೀನು ಚಿಪ್ಪುಗಳ ಮರಿಗಳಿಗೆ ಕೇಡು ಮಾಡುವುವು. ಹೊಲಕ್ಕೆ ಒಡ್ಡು ಹಾಕಿಸಿ ಮಣ್ಣನ್ನು ಮನೆಯಲ್ಲಿಯೇ ಉಳಿಸಿಕೊಂಡ ಜಮೀನುದಾರನು ತನ್ನ ಲಾಭದೊಡನೆ ಅಳಿವೆಯ ಬೆಸ್ತನ ಲಾಭವನ್ನೂ ಸಾಧಿಸಿದಂತಾಗುವುದು.

ತಾರ್ಲಿಯು ಹೇರಳವಾಗಿ ಬರುವ ವರ್ಷಗಳೇ ಎಚ್ಚರಿಕೆಯ ವರ್ಷಗಳೆಂಬುದು ಈವರೆಗಿನ ಅನುಭವ. ಕಣದಲ್ಲಿ ರಾಶಿ ತುಂಬಿರುವಾಗಲೇ ಬೀಜವನ್ನು ತೆಗೆದಿಡುವುದು ಒಕ್ಕಲುತನದ ಹಳೆಯ ನಿಯಮ. ರಾಶಿ ಕರಗಿದ ಮೇಲೆ ಬೀಜವನ್ನು ಹುಡುಕುವವನನ್ನು ಯಾರೂ ಜಾಣನೆನ್ನರು. ಬರುವ ಹಸ್ತಾ ಚಿತ್ತಾ ಮಳೆಗಳ ಸುಮಾರಿಗೆ, ಹಿಂಗಾರಿ ಬಿತ್ತಿಗೆಯ ಸಿದ್ಧತೆಯ ಕಾಲದಲ್ಲಿ ಗೊಬ್ಬರದ ಖರೀದಿಗೆ ಹೊರಡುವಾಗ, ಅದೇ ದಿನಗಳಲ್ಲಿ ಮರಿಗಳು ದಡಕ್ಕೆ ಬರುವುವೆಂಬುದನ್ನು ಸ್ಮರಿಸಿ, ಗ್ರಾಮದ ಪ್ರಮುಖರು ಚೀಲವನ್ನು ಬಿಚ್ಚಿ ನೋಡಿಯೇ ಕೊಳ್ಳುವ ಪದ್ಧತಿಯನ್ನು ತಮ್ಮ ತಮ್ಮ ಊರುಗಳಲ್ಲಿ ಬಳಕೆಗೆ ತರುವುದು ಅವಶ್ಯವಾಗಿದೆ.